ಕೊನೆಯ ಗೆರೆ ಎಲ್ಲಿಂದ ಶುರುವಾಗುತ್ತದೆ? ಔಷಧಿಯ ಹಾಫ್-ಲೈಫ್ ಲೆಕ್ಕ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಾಗಲಕೋಟೆಯವಳು, ಬೆಳಗಾವಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದೇನೆ. ನಮ್ಮ ಗೈಡ್ ಪ್ರಾಕ್ಟೀಸ್‌ಗೆ ಅಂತ ಒಂದು ಡೇಟಾ ಕೊಟ್ಟಿದ್ದಾರೆ. ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಔಷಧಿ ಎಷ್ಟಿತ್ತು ಅನ್ನುವ ಲೆಕ್ಕ, ನ್ಯಾನೋಗ್ರಾಂ/ಮಿ.ಲೀ.ನಲ್ಲಿ. ಅರ್ಧ ಗಂಟೆಗೆ 62, 1 ಗಂಟೆಗೆ 128, 2ಕ್ಕೆ 196, 3ಕ್ಕೆ 145, 4ಕ್ಕೆ 106, 6ಕ್ಕೆ 71, 8ಕ್ಕೆ 53, 12ಕ್ಕೆ 35, 16ಕ್ಕೆ 26, 24ಕ್ಕೆ 12.2, 36ಕ್ಕೆ 4.6. 48 ಗಂಟೆಯದು ಬಿಎಲ್‌ಕ್ಯೂ, ಅಂದರೆ ಮೆಷಿನ್ ಅಳೆಯಬಲ್ಲ ಕನಿಷ್ಠ ಮಟ್ಟವಾದ 2ಕ್ಕಿಂತ ಕಡಿಮೆ. ನಾನು ಎಕ್ಸೆಲ್‌ನಲ್ಲಿ 2 ಗಂಟೆಯಿಂದ 36 ಗಂಟೆವರೆಗೆ ಎಲ್ಲ ಪಾಯಿಂಟ್ ತೆಗೆದುಕೊಂಡು, ನ್ಯಾಚುರಲ್ ಲಾಗ್ ಹಾಕಿ, ಗೆರೆ ಎಳೆದು ಲೆಕ್ಕ ಹಾಕಿದೆ. ಹಾಫ್-ಲೈಫ್, ಅಂದರೆ ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, 6.6 ಗಂಟೆ ಬಂತು. ಪಾಯಿಂಟ್‌ಗಳು ಗೆರೆಗೆ ಎಷ್ಟು ಹೊಂದುತ್ತವೆ ಅಂತ ಹೇಳುವ ಆರ್-ಸ್ಕ್ವೇರ್ 0.96 ಇದೆ. ಸಾಫ್ಟ್‌ವೇರ್ 8.0 ಅನ್ನುತ್ತದೆ. ಗೈಡ್ "ಕೊನೆಯ ಮೂರು ಪಾಯಿಂಟ್ ಸಾಕು" ಅಂತಾರೆ. ಯಾವುದು ಸರಿ? ನಾನು ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. 8.0 ಸರಿ. ನಿಮ್ಮ ಕೂಡುವ-ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ, ನಾನೂ ಹಾಕಿ ನೋಡಿದೆ, 6.6 ಬರುತ್ತದೆ. ನೀವು ಗೆರೆ ಶುರು ಮಾಡಿದ ಜಾಗ ತಪ್ಪು. ಈ ಪ್ರಶ್ನೆಯನ್ನು ನೀವು ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಎಷ್ಟೋ ಜನ ಸಾಫ್ಟ್‌ವೇರ್ ಕೊಟ್ಟ ನಂಬರ್ ನೋಡಿ ಅದನ್ನೇ ಟೇಬಲ್‌ಗೆ ಹಾಕಿ ಮುಂದೆ ಹೋಗುತ್ತಾರೆ.

ನೀವು ಗ್ರಾಫ್ ಹಾಕಿದ್ದೀರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಸೆಮಿ-ಲಾಗ್ ಗ್ರಾಫ್ ಹಾಕಿ. ಕೆಳಗೆ ಗಂಟೆ ಸಾಮಾನ್ಯ ಸ್ಕೇಲ್‌ನಲ್ಲಿ, ಪಕ್ಕದಲ್ಲಿ ಔಷಧಿಯ ಪ್ರಮಾಣ ಲಾಗ್ ಸ್ಕೇಲ್‌ನಲ್ಲಿ. ಎಕ್ಸೆಲ್‌ನಲ್ಲಿ ಆ್ಯಕ್ಸಿಸ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಗ್ ಸ್ಕೇಲ್‌ಗೆ ಟಿಕ್ ಹಾಕಿದರೆ ಆಯಿತು. ಹಾಕಿದ ಮೇಲೆ ಒಂದು ನಿಮಿಷ ಸುಮ್ನೆ ನೋಡಿ. 2 ಗಂಟೆಯಿಂದ 6 ಗಂಟೆವರೆಗೆ ಪಾಯಿಂಟ್‌ಗಳು ಕಡಿದಾಗಿ ಇಳಿಯುತ್ತವೆ. 8 ಗಂಟೆಯ ಹತ್ತಿರ ಬಾಗುತ್ತವೆ. ಅಲ್ಲಿಂದ ಮುಂದೆ ನೇರವಾಗಿ, ನಿಧಾನವಾಗಿ ಇಳಿಯುತ್ತವೆ. ಆ ನೇರ ಭಾಗವೇ ಟರ್ಮಿನಲ್ ಫೇಸ್. ಅದರ ಇಳಿಜಾರೇ ಲ್ಯಾಮ್ಡಾ-ಝಡ್. 0.693 ಅನ್ನು ಅದರಿಂದ ಭಾಗಿಸಿದರೆ ಹಾಫ್-ಲೈಫ್.

ನಾನು ವಿಜಯಪುರದವಳು. ಈ ಗ್ರಾಫ್ ನೋಡಿದಾಗೆಲ್ಲ ನನಗೆ ಗೋಳಗುಮ್ಮಟ ನೆನಪಾಗುತ್ತದೆ. ನೀವೂ ಶಾಲೆಯ ಟ್ರಿಪ್‌ನಲ್ಲಿ ಅಲ್ಲಿಗೆ ಹೋಗಿರುತ್ತೀರಿ, ಮೆಟ್ಟಿಲು ಹತ್ತಿ ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿರುತ್ತೀರಿ, ಅಲ್ವಾ? ಮೊದಲು ಕೇಳುವುದು ಚಪ್ಪಾಳೆಯದೇ ಸದ್ದು, ಹತ್ತಿರದ ಗೋಡೆಗೆ ಬಡಿದು ಬಂದ ಸದ್ದು, ಎಲ್ಲ ಒಟ್ಟಿಗೆ. ಆಮೇಲೆ ಸದ್ದು ಗುಮ್ಮಟದ ತುಂಬ ಹರಡಿಕೊಳ್ಳುತ್ತದೆ. ಅಲ್ಲಿಂದ ಪ್ರತಿ ಸುತ್ತಿನಲ್ಲೂ ಉಳಿದದ್ದರಲ್ಲಿ ಒಂದು ಪಾಲು ಕಳೆಯುತ್ತಾ ಹೋಗುತ್ತದೆ. ಕೊನೆಗೆ ಕೆಳಗಿನ ಜನರ ಗದ್ದಲದಲ್ಲಿ ಸೇರಿಹೋಗುತ್ತದೆ. ಕಟ್ಟಡಗಳಲ್ಲಿ ಸದ್ದು ಆರುವುದನ್ನು ಅಳೆಯುವವರು ಡೆಸಿಬೆಲ್‌ನಲ್ಲಿ ಗ್ರಾಫ್ ಹಾಕುತ್ತಾರೆ. ಡೆಸಿಬೆಲ್ ಅಂದರೆ ಅದೂ ಲಾಗ್ ಸ್ಕೇಲೇ. ಅವರು ಶುರುವಿನ ತುಂಡನ್ನು ಬಿಡುತ್ತಾರೆ, ಗದ್ದಲದಲ್ಲಿ ಮುಳುಗಿದ ತುದಿಯನ್ನೂ ಬಿಡುತ್ತಾರೆ. ನಡುವಿನ ನೇರ ಗೆರೆಯಿಂದ ಇಳಿಜಾರು ತೆಗೆಯುತ್ತಾರೆ.

ನಮ್ಮ ಕೆಲಸವೂ ಹಾಗೇ. ಮಾತ್ರೆ ಕರಗಿ ರಕ್ತಕ್ಕೆ ಬಂದ ಔಷಧಿ ಮೊದಲು ಸ್ನಾಯು, ಕೊಬ್ಬು, ಬೇರೆ ಬೇರೆ ಅಂಗಗಳಿಗೆ ಹಂಚಿಹೋಗುತ್ತದೆ. ಆಗ ರಕ್ತದಲ್ಲಿ ಔಷಧಿ ವೇಗವಾಗಿ ಕಡಿಮೆಯಾಗುತ್ತದೆ. ಆದರೆ ಅದು ಇನ್ನೂ ದೇಹದ ಒಳಗೇ ಇದೆ, ಜಾಗ ಬದಲಿಸಿದೆ ಅಷ್ಟೇ. ಈ ಹಂಚಿಕೆ ಒಂದು ಸಮತೋಲನಕ್ಕೆ ಬಂದ ಮೇಲಿನ ಇಳಿಕೆಯನ್ನು ನಾವು ಅಳೆಯಬೇಕು. ನೀವು 2, 3, 4, 6 ಗಂಟೆಯ ಪಾಯಿಂಟ್ ಸೇರಿಸಿದಾಗ ಹಂಚಿಕೆಯ ವೇಗವನ್ನೂ ಹೊರಹೋಗುವ ವೇಗವನ್ನೂ ಕಲಸಿಬಿಟ್ಟಿರಿ. ಅದರಲ್ಲೂ 2 ಗಂಟೆಯದು ಶಿಖರ. ಅಲ್ಲಿ ಕರುಳಿನಿಂದ ಔಷಧಿ ಇನ್ನೂ ಒಳಗೆ ಬರುತ್ತಾ ಇರುತ್ತದೆ. ಬಾಯಿಯಿಂದ ಕೊಟ್ಟ ಔಷಧಿಗೆ ಶಿಖರದ ಪಾಯಿಂಟನ್ನು ಈ ಗೆರೆಗೆ ಸೇರಿಸಲೇಬಾರದು.

"ಆರ್-ಸ್ಕ್ವೇರ್ 0.96 ಇದೆಯಲ್ಲ" ಅಂತ ನೀವು ಕೇಳಬಹುದು. ನಿಮ್ಮದೇ ಗೆರೆಯನ್ನು ಗ್ರಾಫ್ ಮೇಲೆ ಎಳೆದು ನೋಡಿ. 2, 3, 4 ಗಂಟೆಯ ಪಾಯಿಂಟ್‌ಗಳು ಗೆರೆಗಿಂತ ಮೇಲಿವೆ. 6ರಿಂದ 24ರವರೆಗಿನ ಐದೂ ಗೆರೆಯ ಕೆಳಗಿವೆ. 36ರದು ಮತ್ತೆ ಮೇಲೆ. 12 ಗಂಟೆಗೆ ನಿಮ್ಮ ಗೆರೆ 45 ಅನ್ನುತ್ತದೆ, ರಕ್ತದಲ್ಲಿ ಇದ್ದದ್ದು 35. ಹೀಗೆ ಮೇಲೆ, ಕೆಳಗೆ, ಮೇಲೆ ಅಂತ ಗುಂಪುಗುಂಪಾಗಿ ಬಂದರೆ, ಬಾಗಿರುವ ದಾರಿಗೆ ನೇರ ಕೋಲು ಇಟ್ಟಿದ್ದೀರಿ ಅಂತ ಅರ್ಥ. ಏನೇ ಆದರೂ ಇಳಿಯುತ್ತಲೇ ಇರುವ ಡೇಟಾಗೆ ಆರ್-ಸ್ಕ್ವೇರ್ 0.9 ದಾಟುವುದು ಕಷ್ಟವೇ ಅಲ್ಲ. ಅದೊಂದನ್ನೇ ನೋಡಿ ನಂಬಬೇಡಿ.

ಈಗ ಹಿಂದಿನಿಂದ ಮುಂದಕ್ಕೆ ಬರೋಣ. ನಿಮ್ಮ ಡೇಟಾದ ಮೇಲೆ ನಾನು ಮಾಡಿದ ಲೆಕ್ಕ ಇದು. ಕೊನೆಯ ಮೂರು ಪಾಯಿಂಟ್‌ಗೆ ಹಾಫ್-ಲೈಫ್ 8.04 ಗಂಟೆ. ನಾಲ್ಕಕ್ಕೆ 8.1. ಐದಕ್ಕೆ, ಅಂದರೆ 8 ಗಂಟೆಯಿಂದ, 7.97. ಆರಕ್ಕೆ 7.7. ಏಳಕ್ಕೆ 7.4. ಎಂಟಕ್ಕೆ 7.0. ಒಂಬತ್ತಕ್ಕೆ ನಿಮ್ಮ 6.6. ಮೊದಲ ಮೂರು ನಂಬರ್ ಒಂದೇ ಕಡೆ ನಿಂತಿವೆ, ಸ್ವಲ್ಪ ಆಕಡೆ ಈಕಡೆ ಅಲ್ಲಾಡುತ್ತವೆ ಅಷ್ಟೇ. ಆರನೇ ಪಾಯಿಂಟ್ ಸೇರಿದ ಕೂಡಲೇ ಇಳಿಯಲು ಶುರು, ಆಮೇಲೆ ಪ್ರತಿ ಸಲ ಇಳಿಯುತ್ತಲೇ ಹೋಗುತ್ತದೆ. ನಿಂತದ್ದು ಎಲ್ಲಿ ಜಾರಲು ಶುರುವಾಗುತ್ತದೋ ಅಲ್ಲಿ ಟರ್ಮಿನಲ್ ಫೇಸ್‌ನ ಬಾಗಿಲು. ನಾನು ಯಾವ ಸಾಫ್ಟ್‌ವೇರ್ ಬಳಸಿದರೂ ಈ ಪಟ್ಟಿಯನ್ನು ಒಮ್ಮೆ ಕೈಯಿಂದ ಮಾಡಿಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ.

ಸಾಫ್ಟ್‌ವೇರ್ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಫೀನಿಕ್ಸ್ ವಿನ್‌ನಾನ್‌ಲಿನ್‌ನಂಥ ಪ್ರೋಗ್ರಾಂಗಳು ಕೊನೆಯ ಮೂರು ಪಾಯಿಂಟ್‌ನಿಂದ ಶುರು ಮಾಡಿ ಒಂದೊಂದೇ ಹಿಂದಿನದನ್ನು ಸೇರಿಸುತ್ತವೆ. ಪ್ರತಿ ಸಲ ಅಡ್ಜಸ್ಟೆಡ್ ಆರ್-ಸ್ಕ್ವೇರ್ ನೋಡುತ್ತವೆ. ಬರೀ ಆರ್-ಸ್ಕ್ವೇರ್ ಯಾಕೆ ನೋಡುವುದಿಲ್ಲ ಅಂದರೆ, ಪಾಯಿಂಟ್ ಕಡಿಮೆ ಇದ್ದಷ್ಟೂ ಅದು ಸುಲಭವಾಗಿ ಚೆನ್ನಾಗಿ ಕಾಣುತ್ತದೆ. ಎರಡೇ ಪಾಯಿಂಟ್ ಇಟ್ಟರೆ ಯಾವಾಗಲೂ 1! ಅಡ್ಜಸ್ಟೆಡ್ ಅನ್ನುವುದು ಕಡಿಮೆ ಪಾಯಿಂಟ್‌ಗೆ ಸ್ವಲ್ಪ ದಂಡ ಹಾಕುತ್ತದೆ. ನಿಮ್ಮ ಡೇಟಾದಲ್ಲಿ ಅದು ಮೂರಕ್ಕೆ 0.9964, ನಾಲ್ಕಕ್ಕೆ 0.99823, ಐದಕ್ಕೆ 0.99819, ಆರಕ್ಕೆ 0.9951. ನಾಲ್ಕರದ್ದು ಎಲ್ಲಕ್ಕಿಂತ ಜಾಸ್ತಿ. ಆದರೂ ಸಾಫ್ಟ್‌ವೇರ್ ಐದನ್ನು ಆರಿಸಿಕೊಂಡಿತು, ಯಾಕೆ? ವ್ಯತ್ಯಾಸ 0.0001ರ ಒಳಗಿದ್ದರೆ ಜಾಸ್ತಿ ಪಾಯಿಂಟ್ ಇರುವ ಗೆರೆಯನ್ನೇ ಹಿಡಿಯಬೇಕು ಅನ್ನುವುದು ಅದರ ನಿಯಮ. ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ಆದರೆ ನಿಯಮಕ್ಕೆ ಕಣ್ಣಿಲ್ಲ. ಕೊನೆಯ ಎರಡು ಪಾಯಿಂಟ್‌ನಲ್ಲಿ ಒಂದು ಸ್ವಲ್ಪ ಏರಿಬಿಟ್ಟರೆ, ಸಾಫ್ಟ್‌ವೇರ್ ಹಿಂದೆ ಹಿಂದೆ ಹೋಗಿ ಹಂಚಿಕೆಯ ಭಾಗವನ್ನೂ ಎಳೆದುಕೊಂಡು ಬರುತ್ತದೆ. ಆಗ ನೀವೇ ಕೈ ಹಾಕಿ ಪಾಯಿಂಟ್ ಆರಿಸಬೇಕು.

ಕೈ ಹಾಕುವುದಕ್ಕೂ ಒಂದು ಶಿಸ್ತು ಬೇಕು. ಹೊಸ ಮಾತ್ರೆ ಮತ್ತು ಹಳೇ ಮಾತ್ರೆ ಹೋಲಿಸುವ ಸ್ಟಡಿಯಲ್ಲಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ಪಾಯಿಂಟ್ ಆರಿಸಿ. ನಿಯಮವನ್ನು ಡೇಟಾ ನೋಡುವ ಮೊದಲೇ ಬರೆದಿಡಿ. ಪಾಯಿಂಟ್ ಬಿಟ್ಟರೆ ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಗೆರೆಗೆ ಹೊಂದಲಿಲ್ಲ ಅನ್ನುವುದು ಕಾರಣವಲ್ಲ.

ನಿಮ್ಮ ಗೈಡ್ ಹೇಳಿದ "ಮೂರು ಸಾಕು" ಬಗ್ಗೆ. ಮೂರು ಅನ್ನುವುದು ಕನಿಷ್ಠ. ಎರಡು ಮಾತ್ರೆ ದೇಹದಲ್ಲಿ ಸಮವೇ ಅಂತ ನೋಡುವ ಬಯೋಈಕ್ವಿವಲೆನ್ಸ್ ಸ್ಟಡಿಗೆ ಯುರೋಪಿನ ಔಷಧ ಸಂಸ್ಥೆ ಕೊಟ್ಟ ಮಾರ್ಗಸೂಚಿಯೂ ಟರ್ಮಿನಲ್ ಭಾಗದಲ್ಲಿ ಮೂರು-ನಾಲ್ಕು ಸ್ಯಾಂಪಲ್ ಆದರೂ ಇರಲಿ ಅನ್ನುತ್ತದೆ. ನಿಮ್ಮ ಡೇಟಾದಲ್ಲಿ ಮೂರೂ ಐದೂ ಒಂದೇ ಉತ್ತರ ಕೊಡುತ್ತಿವೆ, ಹಾಗಾಗಿ ಅವರ ಮಾತಿಗೂ ಸಾಫ್ಟ್‌ವೇರ್‌ಗೂ ಜಗಳವಿಲ್ಲ. ಆದರೆ ಅದನ್ನೇ ಎಲ್ಲ ಕಡೆ ಹಚ್ಚಬೇಡಿ. ಕೊನೆಯ ಪಾಯಿಂಟ್‌ಗಳು ಮೆಷಿನ್‌ನ ಕೆಳಮಟ್ಟದ ಹತ್ತಿರ ಇರುತ್ತವೆ. ಆ ಕೆಳತುದಿಯಲ್ಲಿ ಶೇ. 20ರಷ್ಟು ಹೆಚ್ಚುಕಡಿಮೆಯನ್ನು ಅಳತೆಯ ವಿಧಾನವನ್ನು ಪರೀಕ್ಷಿಸುವ ಅನಾಲಿಟಿಕಲ್ ವ್ಯಾಲಿಡೇಷನ್ನೇ ಒಪ್ಪಿಕೊಳ್ಳುತ್ತದೆ. ಮೂರೇ ಪಾಯಿಂಟ್ ಇದ್ದಾಗ ತುದಿಯ ಒಂದು ಅಲ್ಲಾಡಿದರೆ ಇಡೀ ಗೆರೆ ತಿರುಗುತ್ತದೆ. ಪಾಯಿಂಟ್‌ಗಳ ಸಂಖ್ಯೆಗಿಂತ ಅವು ಎಷ್ಟು ಕಾಲ ಹರಡಿವೆ ಅನ್ನುವುದನ್ನು ನಾನು ಹೆಚ್ಚು ನೋಡುತ್ತೇನೆ. ನಿಮ್ಮ ಐದು ಪಾಯಿಂಟ್ 8ರಿಂದ 36ರವರೆಗೆ, 28 ಗಂಟೆ. ಅಂದರೆ ಮೂರೂವರೆ ಹಾಫ್-ಲೈಫ್. ಎರಡು ಹಾಫ್-ಲೈಫ್ ಆದರೂ ಹರಡಿರಬೇಕು ಅನ್ನುವುದು ನಮ್ಮಲ್ಲಿ ರೂಢಿ. 8 ಗಂಟೆಯ ಹಾಫ್-ಲೈಫನ್ನು 12, 14, 16 ಗಂಟೆಯ ಮೂರು ಪಾಯಿಂಟ್‌ನಿಂದ ಯಾರಾದರೂ ತೆಗೆದರೆ ನಾನು ಒಪ್ಪುವುದಿಲ್ಲ.

ಇನ್ನು 48 ಗಂಟೆಯ ಬಿಎಲ್‌ಕ್ಯೂ. ನೀವು ಅದನ್ನು ಬಿಟ್ಟಿದ್ದೀರಿ, ಶಾಭಾಸ್. ಇಲ್ಲಿ ನಾನೇ ಎಡವಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಲ್ಯಾಬ್‌ನಲ್ಲಿ, ಬಿಎಲ್‌ಕ್ಯೂ ಇದ್ದಲ್ಲೆಲ್ಲ ಕನಿಷ್ಠ ಮಟ್ಟದ ಅರ್ಧ ಹಾಕಿ ಗೆರೆ ಎಳೆದಿದ್ದೆ. ಕೆಲವರಿಗೆ ಕೊನೆಯ ಎರಡು ಸ್ಯಾಂಪಲ್ ಬಿಎಲ್‌ಕ್ಯೂ ಇತ್ತು. ಎರಡಕ್ಕೂ ಒಂದೇ ನಂಬರ್ ಬಿತ್ತು, ಗೆರೆ ಚಪ್ಪಟೆಯಾಯಿತು, ಹಾಫ್-ಲೈಫ್ ಎಲ್ಲಿಗೋ ಹೋಯಿತು. ರಿಪೋರ್ಟ್ ಮುಗಿಯುವ ಹಿಂದಿನ ದಿನ ಹಿರಿಯರೊಬ್ಬರು ಗ್ರಾಫ್ ನೋಡಿ, "ಇದು ಯಾರು ಅಳೆದ ನಂಬರ್?" ಅಂತ ಕೇಳಿದರು. ಯಾರೂ ಅಳೆದಿರಲಿಲ್ಲ. ಇಡೀ ಟೇಬಲ್ ಮತ್ತೆ ಮಾಡಬೇಕಾಯಿತು. ನಿಮ್ಮ ಡೇಟಾದಲ್ಲೇ ನೋಡಿ. 48 ಗಂಟೆಗೆ 1 ಅಂತ ಹಾಕಿದರೆ ಕೊನೆಯ ಮೂರು ಪಾಯಿಂಟ್‌ನ ಹಾಫ್-ಲೈಫ್ 6.65 ಗಂಟೆ. 2 ಅಂತ ಹಾಕಿದರೆ 9.2. ಸೊನ್ನೆ ಹಾಕಿದರೆ ಲಾಗ್ ಬರುವುದೇ ಇಲ್ಲ. ಶಿಖರದ ನಂತರ ಕೊನೆಯಲ್ಲಿ ಬರುವ ಬಿಎಲ್‌ಕ್ಯೂಗಳನ್ನು ಈ ಗೆರೆಯಿಂದ ಹೊರಗೇ ಇಡಿ.

ಇಷ್ಟೆಲ್ಲ ಒದ್ದಾಟ ಯಾಕೆ, ಎಯುಸಿಗೆ, ಅಂದರೆ ಗ್ರಾಫ್‌ನ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣಕ್ಕೆ, ಏನಾದರೂ ವ್ಯತ್ಯಾಸ ಆಗುತ್ತದಾ? ನಿಮ್ಮ ಡೇಟಾದಲ್ಲಿ ಹೆಚ್ಚೇನೂ ಇಲ್ಲ. 36 ಗಂಟೆವರೆಗಿನ ಎಯುಸಿ, ಪಾಯಿಂಟ್‌ಗಳ ನಡುವೆ ನೇರ ಗೆರೆ ಎಳೆದು ತುಂಡುತುಂಡಾಗಿ ಕೂಡಿಸುವ ಲೀನಿಯರ್ ಟ್ರೆಪಿಜಾಯ್ಡ್‌ನಲ್ಲಿ 1374. 36 ಗಂಟೆಯ ಆಚೆ ಉಳಿದ ಬಾಲಕ್ಕೆ ಕೊನೆಯ ಪ್ರಮಾಣವನ್ನು ಲ್ಯಾಮ್ಡಾ-ಝಡ್‌ನಿಂದ ಭಾಗಿಸುತ್ತೇವೆ. 4.6 ಭಾಗಿಸು 0.0869, ಅಂದರೆ 53. ಒಟ್ಟು 1427ರಲ್ಲಿ ಬಾಲ ಶೇ. 4ಕ್ಕಿಂತ ಕಡಿಮೆ. ಇದು ಶೇ. 20ರ ಒಳಗಿರಬೇಕು ಅನ್ನುವುದು ಎಲ್ಲರೂ ಬಳಸುವ ಮಿತಿ. ನಿಮ್ಮ 6.6 ಗಂಟೆಯ ಗೆರೆ ಹಾಕಿದರೂ ಬಾಲ 44 ಬರುತ್ತದೆ, ಒಟ್ಟು ಅಷ್ಟೇನೂ ಬದಲಾಗುವುದಿಲ್ಲ.

ಆದರೆ ಸ್ಯಾಂಪಲ್ ತೆಗೆಯುವುದನ್ನು 12 ಗಂಟೆಗೇ ನಿಲ್ಲಿಸಿದ್ದರೆ? ದುಡ್ಡು ಉಳಿಯುತ್ತದೆ, ರಾತ್ರಿ ಯಾರೂ ಕಾಯಬೇಕಿಲ್ಲ ಅಂತ ಬಹಳ ಜನ ಹೀಗೆ ಮಾಡುತ್ತಾರೆ. ಆಗ ಗೆರೆ ಎಳೆಯಲು ನಿಮ್ಮ ಹತ್ತಿರ 4, 6, 8, 12ರ ಪಾಯಿಂಟ್ ಮಾತ್ರ ಇರುತ್ತಿತ್ತು. ಅವುಗಳ ಹಾಫ್-ಲೈಫ್ 5.1 ಗಂಟೆ! ಎಯುಸಿ 12 ಗಂಟೆವರೆಗೆ 998, ಬಾಲ 259, ಒಟ್ಟು 1257. ನಿಜವಾದದ್ದು 1427ರ ಹತ್ತಿರ. ಬಾಲ ಶೇ. 20.6 ಅಂತ ಕಾಣುತ್ತದೆ, ಮಿತಿಯನ್ನು ಚೂರು ದಾಟಿದೆ ಅಷ್ಟೇ ಅಂತ ಸಮಾಧಾನವೂ ಆಗಿಬಿಡುತ್ತದೆ. ಪೂರ್ತಿ ಡೇಟಾ ನೋಡಿದರೆ 12 ಗಂಟೆಯ ಆಚೆ ಇದ್ದದ್ದು ಶೇ. 30. ತಪ್ಪು ಇಳಿಜಾರು ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳುತ್ತದೆ. ಈ ಜಾಗ ನನ್ನನ್ನು ಈಗಲೂ ಕಾಡುತ್ತದೆ, ಯಾಕೆಂದರೆ ಸ್ಯಾಂಪಲ್ ತೆಗೆಯದ ಮೇಲೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ತಂದುಕೊಡುವುದಿಲ್ಲ. ಅಂದಾಜು ಹಾಫ್-ಲೈಫ್‌ನ ಮೂರು ಪಟ್ಟಾದರೂ ಕಾಲ ಸ್ಯಾಂಪಲ್ ತೆಗೆಯಿರಿ. ನಾಲ್ಕೈದು ಪಟ್ಟು ಆದರೆ ಇನ್ನೂ ಒಳ್ಳೆಯದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು, ನೀವು ಕೇಳದೆ ಇದ್ದದ್ದು. ಗೆರೆ ಸರಿಯಾಗಿ ಎಳೆದಿರಿ, 8 ಗಂಟೆ ಬಂತು. ಆ 8 ಗಂಟೆ ಏನನ್ನು ಹೇಳುತ್ತದೆ? ದೇಹ ಔಷಧಿಯನ್ನು ಹೊರಹಾಕುವ ವೇಗ ಅಂತ ಪಾಠದಲ್ಲಿ ಇರುತ್ತದೆ. ಯಾವಾಗಲೂ ಹಾಗಲ್ಲ. ರುಮ್ಯಾಟಿಕ್ ಫೀವರ್ ಬಂದ ಮಕ್ಕಳಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಸೊಂಟಕ್ಕೆ ಕೊಡುವ ಬೆಂಝಥೀನ್ ಪೆನ್ಸಿಲಿನ್ ಇಂಜೆಕ್ಷನ್ ನೋಡಿರುತ್ತೀರಿ. ಪೆನ್ಸಿಲಿನ್ ಜಿ ನೇರವಾಗಿ ರಕ್ತನಾಳಕ್ಕೆ ಹೋದರೆ ಅದರ ಹಾಫ್-ಲೈಫ್ ಸುಮಾರು ಅರ್ಧ ಗಂಟೆ. ಅದೇ ಪೆನ್ಸಿಲಿನ್ ಈ ಇಂಜೆಕ್ಷನ್‌ನಲ್ಲಿ ವಾರಗಟ್ಟಲೆ ರಕ್ತದಲ್ಲಿ ಕಾಣುತ್ತದೆ. ಮಗುವಿನ ಮೂತ್ರಪಿಂಡ ನಿಧಾನವಾಯಿತೇ? ಇಲ್ಲ. ಸ್ನಾಯುವಿನಲ್ಲಿ ಕುಳಿತ ಔಷಧಿ ಹನಿಹನಿಯಾಗಿ ರಕ್ತಕ್ಕೆ ಬರುತ್ತಿದೆ. ಬಂದದ್ದು ತಕ್ಷಣ ಹೊರಹೋಗುತ್ತದೆ. ಹಾಗಾಗಿ ನೀವು ಕೊನೆಯಲ್ಲಿ ಅಳೆಯುವ ಇಳಿಜಾರು ಒಳಬರುವ ವೇಗದ್ದು. ಇದಕ್ಕೆ ಫ್ಲಿಪ್-ಫ್ಲಾಪ್ ಅಂತಾರೆ. ಮೆಲ್ಲಗೆ ಬಿಡುವ ಎಸ್‌ಆರ್ ಮಾತ್ರೆಗಳಲ್ಲೂ ಇದು ಆಗುತ್ತದೆ. ಒಂದೇ ಔಷಧಿಯ ಸಾದಾ ಮಾತ್ರೆಗಿಂತ ಎಸ್‌ಆರ್ ಮಾತ್ರೆಯ ಹಾಫ್-ಲೈಫ್ ಉದ್ದ ಬಂದರೆ "ದೇಹ ನಿಧಾನವಾಯಿತು" ಅಂತ ಬರೆಯಬೇಡಿ. ಬರೀ ಬಾಯಿಯ ಡೇಟಾದಿಂದ ಇದನ್ನು ಬಿಡಿಸಲು ಆಗುವುದಿಲ್ಲ. ರಕ್ತನಾಳಕ್ಕೆ ಕೊಟ್ಟ ಡೇಟಾ ಪಕ್ಕದಲ್ಲಿ ಬೇಕು.

ಇನ್ನೊಂದು ಕಡೆ ಜೆಂಟಾಮೈಸಿನ್ ಅನ್ನುವ ಆ್ಯಂಟಿಬಯಾಟಿಕ್. ಮೂತ್ರಪಿಂಡ ಚೆನ್ನಾಗಿರುವವರಲ್ಲಿ ಅದರ ಹಾಫ್-ಲೈಫ್ 2-3 ಗಂಟೆ ಅಂತ ಓದಿದ್ದೀರಿ. ಆದರೆ ಸೂಕ್ಷ್ಮವಾದ ಮೆಷಿನ್‌ನಿಂದ ದಿನಗಟ್ಟಲೆ ಅಳೆಯುತ್ತಾ ಹೋದರೆ, ಬಹಳ ಕಡಿಮೆ ಪ್ರಮಾಣದಲ್ಲಿ ಇನ್ನೊಂದು ಬಾಲ ಕಾಣುತ್ತದೆ, ಅದರ ಹಾಫ್-ಲೈಫ್ 100 ಗಂಟೆ ದಾಟುತ್ತದೆ. ಮೂತ್ರಪಿಂಡದ ಅಂಗಾಂಶದಲ್ಲಿ ಅಂಟಿಕೊಂಡದ್ದು ಮೆಲ್ಲಗೆ ವಾಪಸ್ ಬರುವ ಬಾಲ ಅದು. ಇವುಗಳಲ್ಲಿ ಟರ್ಮಿನಲ್ ಯಾವುದು? ಹೆಸರಿನ ಪ್ರಕಾರ ಎರಡನೆಯದು. ದಿನದ ಡೋಸ್ ನಿಗದಿ ಮಾಡಲು ಡಾಕ್ಟರಿಗೆ ಬೇಕಾದದ್ದು ಮೊದಲನೆಯದು. ಮೂತ್ರಪಿಂಡದಲ್ಲಿ ಔಷಧಿ ಯಾಕೆ ಶೇಖರವಾಗುತ್ತದೆ ಅಂತ ತಿಳಿಯಬೇಕಾದವರಿಗೆ ಎರಡನೆಯದು. ಮೆಷಿನ್ ಸೂಕ್ಷ್ಮವಾದಂತೆ ಒಂದೇ ಔಷಧಿಯ "ಹಾಫ್-ಲೈಫ್" ಉದ್ದವಾಗುತ್ತಾ ಹೋಗುವುದು ಹೀಗೇ. ಎರಡು ಪೇಪರ್‌ಗಳಲ್ಲಿ ಬೇರೆ ಬೇರೆ ನಂಬರ್ ಇದ್ದರೆ, ಯಾರು ಎಷ್ಟು ಗಂಟೆವರೆಗೆ, ಎಷ್ಟು ಕೆಳಗಿನವರೆಗೆ ಅಳೆದರು ಅಂತ ಮೊದಲು ನೋಡಿ.

ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಮದ್ಯದಂಥವುಗಳಲ್ಲಿ ಈ ಲೆಕ್ಕವೇ ಕೂರುವುದಿಲ್ಲ. ಪ್ರಮಾಣ ಜಾಸ್ತಿ ಇದ್ದಾಗ ಲಿವರ್‌ನ ಕಿಣ್ವ ತುಂಬಿಹೋಗಿರುತ್ತದೆ, ಸೆಮಿ-ಲಾಗ್ ಗ್ರಾಫ್‌ನಲ್ಲಿ ಗೆರೆ ಹೊರಗಡೆ ಉಬ್ಬುತ್ತದೆ, ಕೆಳಗೆ ಬಂದಂತೆ ಕಡಿದಾಗುತ್ತದೆ. ಹಾಗೆ ಕಂಡರೆ ಹಾಫ್-ಲೈಫ್ ಬರೆಯಬೇಡಿ. ಪಿತ್ತದ ಜೊತೆ ಕರುಳಿಗೆ ಹೋಗಿ ಮತ್ತೆ ರಕ್ತಕ್ಕೆ ಬರುವ ಎಝೆಟಿಮೈಬ್‌ನಂಥ ಔಷಧಿಗಳಲ್ಲಿ ಊಟದ ನಂತರ ಎರಡನೇ ಉಬ್ಬು ಬರುತ್ತದೆ. ಅದರ ಮೇಲೆ ಗೆರೆ ಎಳೆಯಬೇಡಿ, ಉಬ್ಬು ಮುಗಿದ ಮೇಲಿನ ಪಾಯಿಂಟ್‌ಗಳನ್ನು ನೋಡಿ.

ಎಕ್ಸೆಲ್ ಬಗ್ಗೆ ಒಂದು ಎಚ್ಚರಿಕೆ. ನೀವು ನ್ಯಾಚುರಲ್ ಲಾಗ್ ಬಳಸಿದ್ದೀರಿ, ಸರಿ ಇದೆ. ಹತ್ತರ ಲಾಗ್ ಬಳಸಿದರೆ ಇಳಿಜಾರನ್ನು 2.303ರಿಂದ ಗುಣಿಸಬೇಕು. ಅದನ್ನು ಮರೆತರೆ ಹಾಫ್-ಲೈಫ್ ಎರಡು ಪಟ್ಟಿಗಿಂತ ಜಾಸ್ತಿ ಬರುತ್ತದೆ. ಎಯುಸಿಗೂ ಇಳಿಯುವ ಭಾಗದಲ್ಲಿ ಲಾಗ್ ಟ್ರೆಪಿಜಾಯ್ಡ್ ಬಳಸಿ ನೋಡಿ. 24ರಿಂದ 36 ಗಂಟೆಯ ತುಂಡು ಲೀನಿಯರ್‌ನಲ್ಲಿ 100.8, ಲಾಗ್‌ನಲ್ಲಿ 93.5. ಸ್ಯಾಂಪಲ್‌ಗಳ ನಡುವೆ ಅಂತರ ದೊಡ್ಡದಾದಷ್ಟೂ ಈ ವ್ಯತ್ಯಾಸ ಬೆಳೆಯುತ್ತದೆ.

ರಿಪೋರ್ಟ್‌ನಲ್ಲಿ ಹಾಫ್-ಲೈಫ್ 8.0 ಗಂಟೆ ಅಂತ ಬರೆಯಿರಿ. ಅದರ ಜೊತೆ ಲ್ಯಾಮ್ಡಾ-ಝಡ್ 0.0869, 8ರಿಂದ 36 ಗಂಟೆಯ ಐದು ಪಾಯಿಂಟ್, ಅಡ್ಜಸ್ಟೆಡ್ ಆರ್-ಸ್ಕ್ವೇರ್ 0.998, ಎಯುಸಿಯ ಬಾಲ ಶೇ. 3.7, 48 ಗಂಟೆಯ ಬಿಎಲ್‌ಕ್ಯೂ ಸೇರಿಸಿಲ್ಲ, ಇಷ್ಟನ್ನೂ ಬರೆಯಿರಿ. ಗೆರೆ ಎಳೆದ ಸೆಮಿ-ಲಾಗ್ ಗ್ರಾಫನ್ನು ಪಕ್ಕದಲ್ಲೇ ಅಂಟಿಸಿ. ಗೈಡ್‌ಗೆ ಮೂರು ಪಾಯಿಂಟ್‌ನಿಂದ ಎಂಟರವರೆಗಿನ ಪಟ್ಟಿಯನ್ನೂ ತೋರಿಸಿ. ಈ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟ ಡೇಟಾ ಅವರ ಹತ್ತಿರ ಇದೆಯಾ ಅಂತ ಕೇಳಿ. ಇದ್ದರೆ ಅದೇ ಗ್ರಾಫ್ ಮೇಲೆ ಇನ್ನೊಂದು ಬಣ್ಣದಲ್ಲಿ ಹಾಕಿ. ಎರಡೂ ಬಾಲ ಒಂದಕ್ಕೊಂದು ಸಮಾನಾಂತರವಾಗಿದ್ದರೆ ಆ 8 ಗಂಟೆ ದೇಹದ್ದು. ಮಾತ್ರೆಯ ಬಾಲ ಹೆಚ್ಚು ಚಪ್ಪಟೆಯಾಗಿದ್ದರೆ ಅದು ಮಾತ್ರೆಯದು.